ನಂಬಿಕೆ ಬೇಡವೆಂದ ಮೇಷ್ಟ್ರು

ಮೇಷ್ಟ್ರ ತಿಥಿಗೆ ಹರದನಹಳ್ಳಿಗೆ ಹೋಗಿದ್ದೆ. ಊಟಕ್ಕೆ ಕೂತ ಹಳೆಯ ವಿದ್ಯಾರ್ಥಿಗಳ ಬಾಯಲ್ಲೆಲ್ಲ ಒಂದೇ ಮಾತು: ಕಣ್ಣು ಮುಚ್ಚಿಕೊಂಡು ನಂಬಬಹುದಾಗಿದ್ದ ಮನುಷ್ಯ. ಕೇಳಿ ಕೇಳಿ ನನಗೆ ಮೈ ಉರಿಯಿತು. ಕಣ್ಣು ಮುಚ್ಚಿಕೊಂಡು ನಂಬುವವರನ್ನು ಕಂಡರೆ ಮೇಷ್ಟ್ರಿಗೆ ಆಗುತ್ತಲೇ ಇರಲಿಲ್ಲ. ಅದು ಗೊತ್ತಿದ್ದದ್ದು ನನಗೆ ಮತ್ತು ನಮ್ಮವ್ವನಿಗೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಅವರು ನಮಗೆ ಸಮಾಜ ಪಾಠ ಹೇಳುತ್ತಿದ್ದರು. ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ ಬಿದ್ದಿತ್ತು. ಹಾಗಾಗಿ ಸಂಜೆ ಹೊತ್ತು ಹೆಣ್ಣುಮಕ್ಕಳ ಖೋಖೋ ತಂಡವನ್ನೂ ಅವರೇ ತಯಾರು ಮಾಡುತ್ತಿದ್ದರು. ಮಾಡಿ ಎಂದು ಯಾರೂ ಹೇಳಿರಲಿಲ್ಲ. ಅವ್ವನಿಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ. ಯಾರೂ ಹೇಳದ ಕೆಲಸವನ್ನು ಒಬ್ಬ ಗಂಡಸು ಯಾಕೆ ಮೈಮೇಲೆ ಹಾಕಿಕೊಳ್ಳುತ್ತಾನೆ, ಅದೂ ಬೆಳೆದ ಹುಡುಗಿಯರ ಜೊತೆ?

ಅಪ್ಪ ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆ ಕಾಡಿನಲ್ಲಿ ವಾಚರ್ ಆಗಿದ್ದ. ಮನೆಗೆ ಬರುವುದೇ ಅಪರೂಪ. ನನ್ನ ಕಾವಲು ಪೂರ್ತಿ ಅವ್ವನದು, ಮತ್ತು ಅವ್ವ ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವ ಜಾತಿಯವಳು. ಒಂದು ಸಂಜೆ ಹಾಲು ಬತ್ತಿದ ನಮ್ಮ ಹಸುವನ್ನು ಹೊಡೆದುಕೊಂಡು ಮೈದಾನಕ್ಕೇ ಬಂದಳು. ಹೊಂಗೆ ಮರದ ಕೆಳಗೆ ಕೂತು, ಹಸುವನ್ನು ಮೇಯಲು ಬಿಟ್ಟು, ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡತೊಡಗಿದಳು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮೇಷ್ಟ್ರ ಕೈಯಲ್ಲಿ ಸದಾ ಒಂದು ಉದ್ದನೆಯ ಲಂಟಾನ ಕಡ್ಡಿ ಇರುತ್ತಿತ್ತು, ತುದಿಗೆ ಬಟ್ಟೆ ಸುತ್ತಿದ್ದು. ಸಾಲಿನಲ್ಲಿ ಕೂತಾಗ ನಮ್ಮ ಬೆನ್ನು ಬಾಗಿದ್ದರೆ, ಕಾಲು ಹಿಂದೆ ಬಿದ್ದಿದ್ದರೆ, ದೂರ ನಿಂತು ಆ ಬಟ್ಟೆಯ ತುದಿಯಿಂದ ಮುಟ್ಟಿ ತೋರಿಸುತ್ತಿದ್ದರು. ಕೈಯಿಂದ ಯಾವ ಹುಡುಗಿಯನ್ನೂ ಮುಟ್ಟಿದವರಲ್ಲ. ಅವ್ವ ಇದನ್ನು ಮೊದಲ ದಿನವೇ ಗಮನಿಸಿದಳು. ಗಮನಿಸಿ, ಇಷ್ಟೊಂದು ಹುಷಾರಾಗಿರುವವನಿಗೆ ಒಳಗೆ ಏನೋ ಇರಲೇಬೇಕು ಎಂದಳು.

ಮೇಷ್ಟ್ರು ಪೇಟೆಯಲ್ಲಿ ಬಾಡಿಗೆ ರೂಮಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ಊರಲ್ಲಿದ್ದಾರೆ ಎನ್ನುತ್ತಿದ್ದರು. ಇದ್ದಾಳೋ ಇಲ್ಲವೋ ಯಾರು ಕಂಡರು ಎಂದು ಅವ್ವ ಒಂದು ದಿನ ಕೂಲಿ ಬಿಟ್ಟು ಬಸ್ಸು ಹತ್ತಿದಳು. ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ಹರದನಹಳ್ಳಿಗೆ ಹೋಗಿ, ಗಂಡು ನೋಡಲು ಬಂದವಳಂತೆ ಬೀದಿಯಲ್ಲಿ ವಿಚಾರಿಸಿ ಬಂದಳು. ಹೆಂಡತಿ ಇದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಬಂದವಳು ಯಾರೆಂದು ತಿಳಿದರೂ ಬೈಯದೆ ಊಟ ಹಾಕಿ, ಮಡಿಲಿಗೆ ಬದನೆಕಾಯಿ ತುಂಬಿ ಕಳಿಸಿದ್ದಳು. ಆ ಬದನೆಕಾಯಿಯ ಮೇಲೂ ಅವ್ವನಿಗೆ ಅನುಮಾನವೇ.

ಮಾರನೇ ಸಂಜೆ ಮೇಷ್ಟ್ರು ನೇರ ಹೊಂಗೆ ಮರದ ಹತ್ತಿರ ಬಂದರು. ಇವತ್ತಿಗೆ ನನ್ನ ಆಟ ಮುಗಿಯಿತು ಎಂದುಕೊಂಡೆ. ಅವರು ಹರದನಹಳ್ಳಿಯ ಸುದ್ದಿಯನ್ನೇ ಎತ್ತಲಿಲ್ಲ. ಇಲ್ಲಿ ಕೂತರೆ ಹುಡುಗಿಯರು ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲು ಕಾಣುವುದಿಲ್ಲ, ಆ ಕಟ್ಟೆಯ ಮೇಲೆ ಕೂತುಕೊಳ್ಳಿ, ಬಾಗಿಲು, ಮೈದಾನ ಎರಡೂ ಕಾಣುತ್ತವೆ ಎಂದರು. ಅವ್ವ ತಬ್ಬಿಬ್ಬಾದಳು. ಕಳ್ಳನೇ ಬಂದು ಎಲ್ಲಿ ಕಾಯಬೇಕೆಂದು ಹೇಳಿಕೊಟ್ಟರೆ ಏನು ಮಾಡುವುದು? ಬೈದುಕೊಂಡೇ ಕಟ್ಟೆಗೆ ಹೋಗಿ ಕೂತಳು. ಆಮೇಲೆ ಮೇಷ್ಟ್ರು ಉಳಿದ ಹುಡುಗಿಯರ ಮನೆಗೂ ಹೇಳಿ ಕಳಿಸಿದರು. ಸರದಿಯ ಮೇಲೆ ಒಬ್ಬರಾದರೂ ಹೆಂಗಸು ಬಂದು ಕೂರದಿದ್ದರೆ ಅವತ್ತು ಆಟವಿಲ್ಲ.

ಚಾಮರಾಜನಗರದ ಪಂದ್ಯಕ್ಕೆ ಅವ್ವ ಜೊತೆಯಲ್ಲೇ ಬಂದಳು. ನಾವು ಮಲಗಿದ್ದ ಶಾಲೆಯ ಕೊಠಡಿಯ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡಳು. ಗೆದ್ದೆವು. ಆಗ ನಮಗೆ ಮೈಸೂರೇ ಜಿಲ್ಲೆ, ಮುಂದಿನ ಪಂದ್ಯ ಅಲ್ಲೇ. ಅಲ್ಲಿ ಚೆನ್ನಾಗಿ ಆಡಿದರೆ ಜಿಲ್ಲಾ ತಂಡಕ್ಕೆ ಸೇರಬಹುದು ಎಂದು ಮೇಷ್ಟ್ರು ಹೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ಆಸೆ ನನಗೆ ಆವರೆಗೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಅಷ್ಟರಲ್ಲಿ ಅವ್ವ ಮೆತ್ತಗಾಗಿದ್ದಳು. ಕಡಲೆಕಾಯಿ ಕೀಳುವ ಕಾಲ, ಬೇರೆ ತಾಯಂದಿರಿಗೂ ಪುರುಸೊತ್ತಿಲ್ಲ. ಕಟ್ಟೆಯಿಂದ ಎದ್ದು ಹೋಗಿ ಮೇಷ್ಟ್ರಿಗೆ ಹೇಳಿದಳು:

“ನೀವೇ ಕರ್ಕಂಡ್ ಓಗ್ಬುಡಿ ಮೇಷ್ಟ್ರೇ. ನಂಗೆ ನಿಮ್ಮೇಲೆ ಏನೂ ಅನ್ಮಾನ ಇಲ್ಲ.”

ಮೇಷ್ಟ್ರ ಮುಖ ಸಪ್ಪಗಾಯಿತು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲವೇನೋ.

“ಅಂಗಾರೆ ನಾನು ಕರ್ಕಂಡ್ ಓಗಲ್ಲ ಕಣಮ್ಮ. ಇವತ್ತು ನಾನಿದ್ದೀನಿ, ನಾಳೆ ಇನ್ಯಾರೋ ಬತ್ತಾರೆ. ನೋಡೋದನ್ನ ನೀವು ಈಗ್ಲೇ ಬುಟ್ಬುಟ್ರೆ, ಆಗ ಈ ಮಕ್ಕಳನ್ನ ಯಾರು ನೋಡಾರು?”

ಅವ್ವ ಕೂಗಾಡಿದಳು. ನಾನು ಅತ್ತೆ. ಅವರು ಜಗ್ಗಲಿಲ್ಲ. ಕೊನೆಗೆ ಕಡಲೆಕಾಯಿ ಕೂಲಿ ಬಿಟ್ಟು ಅವ್ವ ಮೈಸೂರಿಗೆ ಬಂದಳು, ದಾರಿಯುದ್ದಕ್ಕೂ ಮೇಷ್ಟ್ರಿಗೆ ಶಾಪ ಹಾಕುತ್ತ. ಅಲ್ಲಿ ಸೋತೆವು. ಆದರೂ ನನ್ನ ಓಟ ನೋಡಿದವರು, ಮುಂದಿನ ವರ್ಷ ಈ ಹುಡುಗಿಯನ್ನು ಜಿಲ್ಲಾ ತಂಡಕ್ಕೆ ನೋಡೋಣ ಎಂದರು.

ಆ ಬೇಸಿಗೆಯಲ್ಲಿ ಮೇಷ್ಟ್ರಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ಜೂನಿನಲ್ಲಿ ನಿಜವಾದ ಪಿ.ಟಿ. ಮೇಷ್ಟ್ರು ಬಂದರು, ಬಿಳಿ ಬೂಟು, ಹೊಸ ಸೀಟಿ. ಆಟ ಚೆನ್ನಾಗಿಯೇ ಬಲ್ಲವರು. ಮೊದಲ ಸಂಜೆಯೇ ಕಟ್ಟೆಯ ಕಡೆ ನೋಡಿ ನಕ್ಕು, ಇಲ್ಲೇನು ಸಂತೆಯೇ, ನೀವೆಲ್ಲ ಮನೆಗೆ ಹೋಗಿ, ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನಂಬಿಕೆಯಿರಲಿ ಎಂದರು. ಉಳಿದವರು ಸಮಾಧಾನದಿಂದ ಎದ್ದು ಹೋದರು. ಅವ್ವ ಎದ್ದವಳು ಮೈದಾನದ ನಡುವೆ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ನಡೆದಳು. ನಾನು ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ.

ಆ ಹೊಸ ಮೇಷ್ಟ್ರು ಒಳ್ಳೆಯವರೋ ಕೆಟ್ಟವರೋ ನನಗೆ ಇಂದಿಗೂ ಗೊತ್ತಿಲ್ಲ. ಅವರ ಮೇಲೆ ಒಂದು ಮಾತೂ ಕೇಳಿಬರಲಿಲ್ಲ. ಕೇಳಿಬರದಿದ್ದದ್ದಕ್ಕೆ ಏನರ್ಥ ಎಂಬುದೂ ಗೊತ್ತಿಲ್ಲ. ಅವ್ವನ ಜೊತೆ ನಾನು ಬಹಳ ದಿನ ಮಾತು ಬಿಟ್ಟಿದ್ದೆ. ಆ ಹೊಸ ಮೇಷ್ಟ್ರು ಒಳ್ಳೆಯವರೇ ಆಗಿದ್ದರೋ ಎಂದು ಒಮ್ಮೆ ರೇಗಿ ಕೇಳಿದಾಗ ರೊಟ್ಟಿ ತಟ್ಟುತ್ತಲೇ ಉತ್ತರ ಕೊಟ್ಟಳು.

“ಒಳ್ಳೇವ್ನಾಗಿದ್ರೆ ಕೂತ್ಕಳಿ ಅಂತಿದ್ದ ಕಣಮ್ಮಿ.”