‘ತೊಟ್ಟೀಲಿ ಏನೂ ಇರಬಾರದು!’

ಬೀದಿಯ ಅಂಗಡಿಗಳ ಶಟರುಗಳು ಇನ್ನೂ ಎದ್ದಿಲ್ಲ. ಬಸ್ ನಿಲ್ದಾಣದ ಎದುರಿನ ಪುಟ್ಟ ಹೋಟೆಲಿನ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಮಂಡಿಯೂರಿ ಕುಳಿತ ಹೆಂಗಸೊಬ್ಬರು, ನೆಲದಲ್ಲಿ ಹುದುಗಿಸಿದ ಉಕ್ಕಿನ ತೊಟ್ಟಿಯ ಮುಚ್ಚಳಕ್ಕೆ ಸಲಾಕೆ ಕೊಟ್ಟು ಎತ್ತುತ್ತಿದ್ದಾರೆ. ಮೂಗಿಗೆ ಬಟ್ಟೆ, ಮೊಣಕೈವರೆಗೆ ರಬ್ಬರ್ ಕೈಗವಸು. ಬೀದಿಯ ಹೋಟೆಲಿನವರಿಗೆಲ್ಲ ಅವರು ಜಿಡ್ಡಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಕೇಳಿದರೆ, “ಅದು ಬ್ಯಾಂಕಿನೋರಿಗೆ ಮಾತ್ರ ಗೊತ್ತು” ಎಂದು ನಗುವವರು.

ಇವತ್ತು ನಗುವ ಸ್ಥಿತಿಯಲ್ಲಿಲ್ಲ. ಮೊನ್ನೆ ಈ ಹೋಟೆಲಿನ ಹೊರಗಿನ ಒಳಚರಂಡಿ ಗುಂಡಿ ಉಕ್ಕಿ ಬೀದಿಗೆ ಹರಿದಿದೆ. ತಪಾಸಣೆಗೆ ಬಂದ ಅಧಿಕಾರಿ ನೋಡಿದರೆ ಕೊಳವೆಯ ತುಂಬ ಮೇಣದಂತೆ ಗಟ್ಟಿಯಾದ ಜಿಡ್ಡು. ಇವತ್ತು ಬೆಳಿಗ್ಗೆಯೊಳಗೆ ಕಾರಣ ಪತ್ತೆಯಾಗಿ ಸರಿಹೋಗದಿದ್ದರೆ ಹೋಟೆಲಿಗೆ ಬೀಗ. ಪಕ್ಕದಲ್ಲೇ ತಲೆ ಮೇಲೆ ಕೈಹೊತ್ತು ಕುಳಿತಿರುವುದು ಹೋಟೆಲಿನ ಒಡತಿ. ಹತ್ತು ವರ್ಷ ಕಂಡವರ ಒಲೆ ಮುಂದೆ ಬೆವರು ಸುರಿಸಿ, ನಾಲ್ಕು ತಿಂಗಳ ಹಿಂದಷ್ಟೇ ತನ್ನದೆಂದು ಒಂದು ಒಲೆ ಹೊತ್ತಿಸಿದ ಹುಡುಗಿ. ಬೀದಿಯವರಿಗೆ ಅವಳು ಹೊಸ ಹೋಟೆಲಮ್ಮ.

ಮುಚ್ಚಳ ಏಳುತ್ತದೆ. ಜಿಡ್ಡಕ್ಕನ ಕೈ ಅಲ್ಲೇ ನಿಲ್ಲುತ್ತದೆ. ತೊಟ್ಟಿ ಫಳಫಳ ಹೊಳೆಯುತ್ತಿದೆ. ಒಳಗೆ ಒಂದು ಹನಿ ನೀರಿಲ್ಲ.

ಈ ತೊಟ್ಟಿಯ ಕೆಲಸ ಸರಳ. ಸಿಂಕಿನಿಂದ ಬಂದ ನೀರು ಇದರಲ್ಲಿ ಒಂದಿಷ್ಟು ಹೊತ್ತು ತಣ್ಣಗೆ ನಿಲ್ಲಬೇಕು. ಎಣ್ಣೆ ಮೇಲೆ ತೇಲುತ್ತದೆ, ಅಗುಳು ಚೂರು ತಳಕ್ಕಿಳಿಯುತ್ತದೆ, ನಡುವಿನ ನೀರು ತೊಟ್ಟಿಗೆ ಅಡ್ಡವಾಗಿ ಇಳಿಬಿಟ್ಟ ಹಲಗೆಯ ಕೆಳಗಿಂದ ನುಸುಳಿ ಚರಂಡಿಗೆ ಹೋಗುತ್ತದೆ. ಜಿಡ್ಡು ಮತ್ತು ಕೆಸರು ಸೇರಿ ಕಾಲು ಭಾಗ ಮೀರುವ ಮುಂಚೆ ತೆಗೆಸಬೇಕೆಂಬುದು ಊರಿನ ನಿಯಮ. ಕುದಿಯುವ ನೀರು ಸುರಿದು ಕರಗಿಸುವಂತಿಲ್ಲ. ಕರಗಿದ್ದು ಮುಂದೆ ಹೋಗಿ ಯಾರದೋ ಮನೆ ಮುಂದೆ ಹೆಪ್ಪುಗಟ್ಟುತ್ತದೆ, ಬೈಗುಳ ಮಾತ್ರ ಹಿಂದಕ್ಕೆ ಬರುತ್ತದೆ.

ಜಿಡ್ಡಕ್ಕ ಮೊದಲು ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸಿಂಕು ಉಕ್ಕಿ ಅಡುಗೆಮನೆಯೆಲ್ಲ ಕೆರೆಯಾಯಿತು. “ಎಲ್ಲರೂ ಸ್ಟೂಲ್ ಹತ್ತಿ ನಿಂತ್ರು. ನನಗೆ ಸ್ಟೂಲ್ ಸಿಗಲಿಲ್ಲ, ಕೈ ಹಾಕಿದೆ” ಎನ್ನುತ್ತಾರೆ. ಅಂದು ಹಾಕಿದ ಕೈ ಇಂದು ದಿನಕ್ಕೆ ಏಳೆಂಟು ಅಡುಗೆಮನೆ ಸುತ್ತುತ್ತದೆ. ಜಿಡ್ಡಿನ ಡ್ರಮ್ಮುಗಳನ್ನು ವ್ಯಾನಿನಲ್ಲಿ ಸಾಗಿಸುವವರು ಅವರ ಗಂಡ. ಬೀದಿಯಲ್ಲಿ ಅವರಿಗೂ ಸ್ವಂತ ಹೆಸರಿಲ್ಲ, ಬರೀ ಜಿಡ್ಡಕ್ಕನ ಯಜಮಾನ್ರು.

ಕೆಲಸದ ಕಷ್ಟಕ್ಕಿಂತ ವಾಸನೆಯ ಕಷ್ಟ ದೊಡ್ಡದು. ಮುಚ್ಚಳ ತೆಗೆದಾಗ ಬರುವ ಗಾಳಿಗೆ ತಲೆ ಗಿರ್ರೆನ್ನುತ್ತದೆ, ಸೋಪಿನ ನೀರಿಗೆ ಬೆರಳ ಸಂದಿ ಬಿರಿಯುತ್ತದೆ. ಬಸ್ಸಿನಲ್ಲಿ ಮೂಗು ಮುರಿಯುವವರ ಬಗ್ಗೆ ಅವರಿಗೆ ಬೇಸರವಿಲ್ಲ: “ಒಳ್ಳೇದೇ ಆಯ್ತು, ಎರಡು ಸೀಟೂ ನಂದೇ.” ಮನೆಯಲ್ಲಿ ಅತ್ತೆ ಹಿತ್ತಲ ಬಚ್ಚಲಲ್ಲಿ ಬಿಸಿನೀರು ಕಾಯಿಸಿಟ್ಟಿರುತ್ತಾರೆ. “ನನ್ನ ಸೊಸೆ ತಿರುವಿಗೆ ಬಂದಾಗ್ಲೇ ನನಗೆ ಗೊತ್ತಾಗುತ್ತೆ, ಫೋನು ಯಾಕೆ ದಂಡ” ಎಂಬುದು ಆ ಮುದುಕಿಯ ತಮಾಷೆ.

ಅಡುಗೆಮನೆಯಲ್ಲಿ ಈಗ ತಮಾಷೆಗೆ ಜಾಗವಿಲ್ಲ.

“ನೀರೆಲ್ಲಿ ಹೋಯ್ತಮ್ಮಾ?”

“ದಿನಾ ರಾತ್ರಿ ಜಿಡ್ಡು ಬಳಿದು ಡ್ರಮ್ಮಿಗೆ ಹಾಕ್ತೀನಿ, ನೀರನ್ನೂ ಮೊಗೆದು ಚೆಲ್ತೀನಿ, ಒಣಬಟ್ಟೇಲಿ ಒರೆಸ್ತೀನಿ ಅಕ್ಕಾ. ನಿಮ್ಮ ಸರದಿಯ ಹಿಂದಿನ ರಾತ್ರಿ ಮಾತ್ರ ಮುಟ್ಟಲ್ಲ, ಹೇಗೂ ನೀವು ಮಾಡ್ತೀರಲ್ಲ ಅಂತ. ಇವತ್ತು ನಿಮ್ಮ ಸರದಿ ಅಲ್ವಲ್ಲ.”

“ಒರೆಸು ಅಂತ ಯಾರಂದ್ರು?”

“ನೀವೇ! ತೊಟ್ಟೀಲಿ ಏನೂ ಇರಬಾರದು ಅಂದ್ರಲ್ಲಕ್ಕಾ.”

ಜಿಡ್ಡಕ್ಕ ಸಲಾಕೆ ಕೆಳಗಿಡುತ್ತಾರೆ. ಅಂದದ್ದು ನಿಜ. ಅನ್ನ, ಸಿಪ್ಪೆ, ಸ್ಪಂಜು ಬೀಳಬಾರದೆಂಬ ಅರ್ಥದಲ್ಲಿ ಅಂದ ಮಾತನ್ನು ಹುಡುಗಿ ಚಾಚೂ ತಪ್ಪದೆ ಪಾಲಿಸಿದ್ದಾಳೆ. ಬರಿದಾದ ತೊಟ್ಟಿಗೆ ಬೆಳಿಗ್ಗೆ ಬಾಣಲೆ ತೊಳೆದ ನೀರು ಬಿದ್ದರೆ, ನೀರಿನ ಜೊತೆಗೇ ಎಣ್ಣೆಯೂ ಹಲಗೆಯ ಕೆಳಗೆ ನುಸುಳಿ ಆಚೆ ಬದಿಯಲ್ಲಿ ಮೇಲೇರಿ ಹೊರಗೆ ಹೋಗುತ್ತದೆ. ಬೀದಿಯಲ್ಲೇ ಅತ್ಯಂತ ಶುಚಿಯಾದ ತೊಟ್ಟಿ ಬೀದಿಯ ಚರಂಡಿ ಕಟ್ಟಿಕೊಳ್ಳುವಂತೆ ಮಾಡಿದೆ.

ಅಧಿಕಾರಿ ಬಂದೇ ಬಿಡುತ್ತಾರೆ. ಒಣಗಿದ ತೊಟ್ಟಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ. “ಇದನ್ನ ಬಳಸ್ತಾನೇ ಇಲ್ವಾ? ಬರೀ ತೋರಿಕೆಗೆ ಇಟ್ಟಿದೀರಾ?”

ಜಿಡ್ಡಕ್ಕ, ಡ್ರಮ್ಮು ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ನೋಡುತ್ತಾರೆ. ತಪ್ಪು ತನ್ನದೆಂದರೆ ಈ ಬೀದಿಯ ಬೇರೆ ಹೋಟೆಲಿನವರು ನಾಳೆ ಒಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ. ಯಜಮಾನರು, “ಹೇಳಿಬಿಡೇ” ಎಂದಷ್ಟೇ ಅನ್ನುತ್ತಾರೆ.

“ಮಾತು ನಂದು ಸಾರ್. ಏನೂ ಇರಬಾರದು ಅಂದ್ಬಿಟ್ಟೆ. ನೀರು ತುಂಬಿರಬೇಕು ಅಂತ ಹೇಳ್ಲಿಲ್ಲ. ಅವಳಿಗೇನೂ ಮಾಡ್ಬೇಡಿ.”

ನಡೆದದ್ದನ್ನೆಲ್ಲ ಕೇಳಿದ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. “ತೊಟ್ಟಿ ತೊಳೀದೆ ಸಿಕ್ಕಿಬಿದ್ದೋರನ್ನ ಬೇಕಾದಷ್ಟು ನೋಡಿದೀನಿ. ತೊಳೆದೂ ತೊಳೆದೂ ಸಿಕ್ಕಿಬಿದ್ದೋರನ್ನ ಇವತ್ತೇ ನೋಡಿದ್ದು. ಆದ್ರೆ ಬಾಯಿಮಾತಿನ ಮೇಲೆ ಬಿಡಕ್ಕಾಗಲ್ಲ. ತೋರಿಸಿ.”

ಯಜಮಾನರು ಹೊರಗಿನ ಕೊಳವೆಗೆ ಸರಳು ತೂರಿಸಿ ಜಿಡ್ಡನ್ನೆಲ್ಲ ಕಿತ್ತು ತೆಗೆಯುತ್ತಾರೆ. ಜಿಡ್ಡಕ್ಕ ತೊಟ್ಟಿಗೆ ಬಕೆಟ್ಟುಗಟ್ಟಲೆ ತಣ್ಣೀರು ತುಂಬಿಸಿ ಮುಚ್ಚಳ ಮುಚ್ಚುತ್ತಾರೆ. ಹುಡುಗಿ ರಾತ್ರಿಯ ಬಾಣಲೆಗಳನ್ನು ಒಂದೊಂದಾಗಿ ಸಿಂಕಿಗಿಟ್ಟು ತೊಳೆಯುತ್ತಾಳೆ. ಮಿಕ್ಕವರೆಲ್ಲ ಹೊರಗೆ ಗುಂಡಿಯ ಸುತ್ತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದಾರೆ, ಎಣ್ಣೆ ಬಾರದಿರಲಿ ಎಂದು.

ನೀರು ಬರುತ್ತದೆ. ಬೂದು ಬಣ್ಣ, ಒಂದಿಷ್ಟು ಸೋಪಿನ ನೊರೆ. ಅಧಿಕಾರಿ ಕಾಗದದ ಚೂರೊಂದನ್ನು ಅದ್ದಿ, ಒಣಗುವವರೆಗೆ ಗಾಳಿಗೆ ಹಿಡಿದು, ಬೆಳಕಿಗೆ ಎತ್ತಿ ನೋಡುತ್ತಾರೆ. ಎಣ್ಣೆಯ ಕಲೆಯಿಲ್ಲ.

“ವಾರ ಬಿಟ್ಟು ಮತ್ತೆ ಬಂದು ನೋಡ್ತೀನಿ. ಒಲೆ ಹಚ್ಚಮ್ಮ” ಎನ್ನುತ್ತಾರೆ.

ಹೊಸ ಹೋಟೆಲಮ್ಮ ಕೈಯ ನೊರೆ ಸಮೇತ ಓಡಿಬಂದು ಜಿಡ್ಡಕ್ಕನನ್ನು ತಬ್ಬಿಕೊಳ್ಳುತ್ತಾಳೆ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯದು. ಜಿಡ್ಡಕ್ಕನಿಗೂ ಹೋದ ಜೀವ ಬಂದಂತಾಗಿದೆ. ಸುದ್ದಿ ಆಗಲೇ ಪಕ್ಕದ ಬೇಕರಿಗೆ ತಲುಪಿದೆ. ಅಲ್ಲಿಯ ಒಡೆಯ ಶಟರು ಎತ್ತುತ್ತಲೇ, “ಜಿಡ್ಡಕ್ಕಾ, ನಮ್ಮ ತೊಟ್ಟೀಲಿ ಏನಿರಬೇಕು, ಏನಿರಬಾರದು, ಬಂದು ಬಿಡಿಸಿ ಹೇಳ್ಬಿಡು” ಎಂದು ಕೂಗುತ್ತಾನೆ. ಕೆಲಸ ಕೈತಪ್ಪಿಲ್ಲ. ಜಿಡ್ಡಕ್ಕ ಈಗ ಮನಸಾರೆ ನಗುತ್ತಾರೆ.

“ಅಕ್ಕಾ, ಮೊದಲ ತಟ್ಟೆ ನಿಮಗೇ. ಕೂತ್ಕೊಳ್ಳಿ” ಎಂದು ಹುಡುಗಿ ಕುರ್ಚಿ ಎಳೆಯುತ್ತಾಳೆ.

ಜಿಡ್ಡಕ್ಕ ತಮ್ಮ ಸೀರೆಯನ್ನೊಮ್ಮೆ ನೋಡಿಕೊಂಡು ತಲೆಯಾಡಿಸುತ್ತಾರೆ. “ಈ ಅವತಾರದಲ್ಲಿ ಕೂತ್ರೆ ನಿನ್ನ ಗಿರಾಕಿಗಳೆಲ್ಲ ಓಡಿಹೋಗ್ತಾರೆ. ಸಂಜೆ ಮಿಂದು, ಒಳ್ಳೆ ಸೀರೆ ಉಟ್ಟು, ಅತ್ತೇನೂ ಕರ್ಕೊಂಡು ಬರ್ತೀನಿ. ನೀನು ಬಾಗಿಲು ತೆಗೆದಿರು, ಅಷ್ಟು ಸಾಕು.”