ಹೆಸರು ಹೇಳದ ಗಿರಿಜವ್ವ

ಗಿರಿಜವ್ವ ಗಂಡನ ಹೆಸರು ಹೇಳುತ್ತಿರಲಿಲ್ಲ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಮುಂಬೈ ಬಳಿಯ ಡೊಂಬಿವಲಿಗೆ ಬಂದವಳಿಗೆ ಅದು ತಲೆ ಮೇಲೆ ಸೆರಗು ಹೊದ್ದಷ್ಟೇ ಸಹಜ. ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಮುರುಗೆಪ್ಪ ಅವಳ ಬಾಯಲ್ಲಿ ಯಾವಾಗಲೂ ‘ಚನ್ನೂನ ಅಪ್ಪ’. ಒಬ್ಬನೇ ಮಗ ಚನ್ನು ಆರು ವರ್ಷದವನಿದ್ದಾಗ ಡೆಂಗಿಯಿಂದ ತೀರಿಕೊಂಡ. ಆಮೇಲೂ ಅವಳು ಹಾಗೇ ಕರೆದಳು. ಆ ಮನೆಯಲ್ಲಿ ಮಗನ ಹೆಸರು ಉಳಿದದ್ದು ಅಷ್ಟರಲ್ಲೇ.

ಹಿಂದೊಮ್ಮೆ ಸೈಕಲ್ ಕಳುವಾದಾಗ ಅವಳೊಬ್ಬಳೇ ಪೊಲೀಸ್ ಚೌಕಿಗೆ ಹೋಗಿದ್ದಳು. ಹವಾಲ್ದಾರ್ ಶೆಲಾರ್ ಗಂಡನ ಹೆಸರು ಕೇಳಿದಾಗ ಗೋಡೆ ನೋಡುತ್ತ ನಿಂತಳು. ಅವರು ನಕ್ಕು ಪೆನ್ನು ಕೆಳಗಿಟ್ಟರು. “ನಾವ್ ಘ್ಯಾ, ವಹಿನಿ,” ಒಡಪು ಹಾಕಿ ಹೆಸರು ಹೇಳಿ ಅತ್ತಿಗೆ, ಎಂದರು. ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳಿದರೆ ದೋಷವಿಲ್ಲವೆಂಬುದು ಮರಾಠಿಯವರಿಗೂ ಗೊತ್ತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು:

“ರೈಲು ಬಂತು ಡೊಂಬಿವಲಿಗೆ, ಜಾಗಾ ಇಲ್ಲ ಕೂಡಾಕ, ಮುರುಗೆಪ್ಪನವರು ಇರೂತನಕ ಚಿಂತಿಲ್ಲ ಬಾಳಾಕ.”

ಅರ್ಥ ಬಿಡಿಸಿ ಹೇಳಿಸಿಕೊಂಡು ಚೌಕಿಯೆಲ್ಲ ನಕ್ಕಿತು. ಸೈಕಲ್ ಸಿಗಲಿಲ್ಲ. ಆದರೆ ಭಾಜಿ ಮಾರ್ಕೆಟ್ಟಿನಲ್ಲಿ ಎದುರಾದಾಗಲೆಲ್ಲ ಶೆಲಾರ್, ರೈಲಿನಲ್ಲಿ ಜಾಗ ಸಿಕ್ಕಿತೇ ಎಂದು ಕೇಳುತ್ತಿದ್ದರು.

೨೦೧೮ರಲ್ಲಿ ಚೌಕಿಗೆ ಹೊಸ ಬಣ್ಣ ಬಂತು. ಶೆಲಾರರಿಗೆ ಕಲ್ಯಾಣದ ಆಸ್ಪತ್ರೆಯೊಂದರ ಪೊಲೀಸ್ ಚೌಕಿಗೆ ವರ್ಗವಾಯಿತು. ಅವರ ಮೇಜಿದ್ದ ಜಾಗದಲ್ಲಿ ಮಾತಾಡುವ ಮಶಿನ್ ನಿಂತಿತು. ಯಾರಿಗಾಗಿಯೂ ಕಾಯಬೇಕಿಲ್ಲ, ಯಾರಿಗೂ ಕೈಮುಗಿಯಬೇಕಿಲ್ಲ, ದೂರನ್ನು ತಾವೇ ಕೊಡಬಹುದು ಎಂದರು.

ಆ ಮಳೆಗಾಲದಲ್ಲಿ ಹಾಲು ತರಲು ಹೋದ ಮುರುಗೆಪ್ಪ ಮರಳಲಿಲ್ಲ. ಅವನ ಫೋನು ಮನೆಯಲ್ಲೇ ಚಾರ್ಜಿಗಿತ್ತು. ಮಧ್ಯಾಹ್ನದವರೆಗೆ ಹುಡುಕಿ ಗಿರಿಜವ್ವ ಚೌಕಿಗೆ ಓಡಿದಳು. ಗಾಜಿನಾಚೆಯ ಪೇದೆ ತಲೆ ಎತ್ತದೆ ಹೇಳಿದ: “ಮಶಿನ್ ಮೆ ಬೋಲೊ, ಆಂಟಿ.”

ಕಾಣೆಯಾದವರ ಹೆಸರು ಹೇಳಿ ಎಂದು ಮಶಿನ್ ಹಿಂದಿಯಲ್ಲಿ ಕೇಳಿತು. “ರೈಲು ಬಂತು...” ಎಂದು ಶುರುಮಾಡಿದಳು. ಅರ್ಥವಾಗಲಿಲ್ಲ, ಹೆಸರು ಮಾತ್ರ ಹೇಳಿ ಎಂದಿತು. ಹಿಂದೆ ನಿಂತವರು ನಿಟ್ಟುಸಿರು ಬಿಟ್ಟರು. ನಗುವವರ ನಡುವೆ ಹೇಳುವ ಮಾತು ಅದು. ಅವಳು ಒಡಪನ್ನು ಅಲ್ಲಿಗೇ ಬಿಟ್ಟಳು.

“ಚನ್ನೂ ಕೆ ಪಪ್ಪಾ,” ಎಂದಳು.

ಮಶಿನ್ ‘ಚನ್ನು’ ಎಂದು ಬರೆದುಕೊಂಡು, ವಿಳಾಸ, ಫೋನ್ ನಂಬರು ಕೇಳಿ ಚೀಟಿ ಕೊಟ್ಟಿತು. ಅವಳಿಗೆ ಆ ಅಕ್ಷರ ಓದಲು ಬಾರದು. ಪ್ರಸಾದದ ಹೂವಿನಂತೆ ಸೆರಗಿಗೆ ಕಟ್ಟಿಕೊಂಡಳು.

ಮರುದಿನ ಅವಳು ರೈಲು ನಿಲ್ದಾಣದಲ್ಲಿ ಹುಡುಕುತ್ತಿದ್ದಾಗ ಪೇದೆ ಅವರ ಬಿಲ್ಡಿಂಗಿಗೆ ಬಂದು ಚನ್ನು ಎಂಬವನ ಬಗ್ಗೆ ವಿಚಾರಿಸಿದ. ಆ ಹುಡುಗ ಸತ್ತು ವರ್ಷಗಳಾದವು ಎಂದ ಕೆಳಗಿನ ಇಸ್ತ್ರಿಯವ. ಅವನು ಹೇಳಿದ್ದು ನಿಜವೇ. ಮಗ ಹೋದ ದುಃಖದಲ್ಲಿ ತಾಯಿಗೆ ತಲೆ ಕೆಟ್ಟಿದೆ ಎಂದುಕೊಂಡ ಪೇದೆ ದೂರನ್ನು ಮುಚ್ಚಿದ.

ಸಂಜೆ ಮುರುಗೆಪ್ಪನ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂತು. ಎದುರು ಮನೆಯ ಪ್ರಣೀತಾ ಓದಿ ಹೇಳಿದಳು: “ನಿಮ್ಮ ಕಂಪ್ಲೇಂಟ್ ಸೆಟಲ್ ಆಗಿದೆಯಂತೆ, ಆಂಟಿ.”

“ಅಂದ್ರ ಸಿಕ್ಕಾರ,” ಎಂದಳು ಗಿರಿಜವ್ವ. ರೊಟ್ಟಿ ಬಡಿದು, ಎಣಗಾಯಿ ಮಾಡಿ, ಬಾಗಿಲು ತೆರೆದಿಟ್ಟು ಕೂತಳು.

ಮುರುಗೆಪ್ಪ ಆಗ ಶೆಲಾರರಿಗೆ ವರ್ಗವಾಗಿದ್ದ ಕಲ್ಯಾಣದ ಆಸ್ಪತ್ರೆಯಲ್ಲೇ ಮಾತು ಬಿದ್ದು ಮಲಗಿದ್ದ. ರಸ್ತೆಯಲ್ಲಿ ಕುಸಿದವನನ್ನು ರಿಕ್ಷಾದವನೊಬ್ಬ ಅಲ್ಲಿ ಬಿಟ್ಟುಹೋಗಿದ್ದ. ಜೇಬಿನಲ್ಲಿದ್ದ, ಈಗ ಮುಚ್ಚಿದ ಕಾರ್ಖಾನೆಯ ಹಳೇ ಕಾರ್ಡಿನಲ್ಲಿ ಹೆಸರಿತ್ತು. ವಿಳಾಸ ಮಾತ್ರ ಎಂದೋ ಬಿಟ್ಟ ವರ್ತಕ ನಗರದ ಬಾಡಿಗೆ ಮನೆಯದು. ಆ ಹೆಸರಿನವರು ಕಾಣೆಯಾದ ದೂರು ಎಲ್ಲಿಯೂ ಇರಲಿಲ್ಲ.

ರಜೆ ಮುಗಿಸಿ ಬಂದ ಶೆಲಾರ್ ಆಸ್ಪತ್ರೆ ಚೌಕಿಯ ವಹಿಯಲ್ಲಿ ಆ ಹೆಸರು ನೋಡಿ ನಿಂತರು. ರೈಲು, ಜಾಗ, ಸೆರಗು ಎಲ್ಲ ನೆನಪಾಯಿತು. ಸೈಕಲ್ ದೂರಿನ ವಿಳಾಸ ಹಿಡಿದು ತಾವೇ ಡೊಂಬಿವಲಿಗೆ ಬಂದರು. ಮುರುಗೆಪ್ಪ ತೀರಿಕೊಂಡದ್ದು ಹಿಂದಿನ ದಿನ.

“ಸಿಕ್ಕಾರಲ್ರಿ?” ಎಂದಳು ಗಿರಿಜವ್ವ ಬಾಗಿಲಲ್ಲೇ. ಶೆಲಾರ್ ಟೋಪಿ ತೆಗೆದರು.

ಶವಾಗಾರದ ಕಿಟಕಿಯಲ್ಲಿ ಗುಮಾಸ್ತ ಮೃತರ ಹೆಸರು ಕೇಳಿದ. ತಾನು ಹೇಳುತ್ತೇನೆಂದು ಶೆಲಾರ್ ಮುಂದೆ ಬಂದರು. ಅವಳು ಕೈ ಅಡ್ಡ ಹಿಡಿದಳು.

“ಮುರುಗೆಪ್ಪ,” ಎಂದಳು.

ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದ ಗುಮಾಸ್ತ. ಅವಳು ಜೋರಾಗಿ ಹೇಳಿದಳು.