ಗೆರೆ ಮುಟ್ಟಿದ ಕಾಲು

ಒಂದು ಆಟದಲ್ಲಿ ನಾನು ನಿಜ ಹೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ನನ್ನ ಮಾತನ್ನು ನಂಬಿ ನನ್ನ ಪರವಾಗಿ ನಿಂತ ತಮ್ಮನಿಗೂ ವಾರವಿಡೀ ಹೇಳದೆ ಉಳಿದದ್ದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬನಶಂಕರಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ತಮ್ಮನಿಗೆ ಡಿಸ್ಕ್ ಆಟದ ಹುಚ್ಚು. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ತಂಡದವರು ಒಬ್ಬರಿಗೊಬ್ಬರು ಎಸೆಯುತ್ತಾ ಹೋಗಿ, ಮೈದಾನದ ಆ ತುದಿಯ ಗೆರೆಗಳೊಳಗೆ ಹಿಡಿದರೆ ಒಂದು ಪಾಯಿಂಟ್. ಜೆ.ಪಿ. ನಗರದ ಮೈದಾನದಲ್ಲಿ ಅವನೂ ನಾಲ್ಕಾರು ಗೆಳೆಯರೂ ಶುರು ಮಾಡಿದಾಗ ಕ್ರಿಕೆಟ್ ಹುಡುಗರು, ‘ಏನ್ ಗುರು, ಊಟ ಆಯ್ತಾ, ತಟ್ಟೆ ಬಿಸಾಕ್ತಿದೀರಾ’ ಎಂದು ಕಿಚಾಯಿಸುತ್ತಿದ್ದರಂತೆ. ಈಗ ಆ ಹುಡುಗರಲ್ಲೇ ಅರ್ಧ ಜನ ಡಿಸ್ಕಿನ ಹಿಂದೆ ಓಡುತ್ತಾರೆ. ಅರೆಕೆರೆಯಿಂದ, ತಲಘಟ್ಟಪುರದಿಂದ ತಂಡಗಳು ಬರುತ್ತವೆ. ಗಂಡು ಹೆಣ್ಣು ಸೇರಿ ಆಡಬೇಕಾದ ಆಟ. ಹುಡುಗಿಯರು ಕಡಿಮೆ ಬಿದ್ದ ಒಂದು ಭಾನುವಾರ ತಮ್ಮ ನನ್ನ ಹೊಲಿಗೆ ಮಿಷನ್ನಿನ ಎದುರು ಬಂದು ಕುಳಿತ. ಶಾಲೆಯಲ್ಲಿ ಖೋ ಖೋ ಆಡಿದವಳು, ಓಡುವುದು ಮರೆತಿರುವುದಿಲ್ಲ ಎಂದು ಪುಸಲಾಯಿಸಿದ. ಹೋದೆ. ಆಮೇಲೆ ಬಿಡಲಾಗಲಿಲ್ಲ.

ಈ ಆಟದಲ್ಲಿ ರೆಫರಿ ಇಲ್ಲ. ತಪ್ಪಾದರೆ ಆಡುವವರೇ ಹೇಳಬೇಕು. ತಮ್ಮ ಇದನ್ನು ಮೊದಲೇ ತಿಳಿಸಿದ್ದ, ನಾನೂ ತಲೆಯಾಡಿಸಿದ್ದೆ. ಆದರೆ ಖೋ ಖೋದಲ್ಲಿ ಕಲಿತದ್ದು ಮೈಯಲ್ಲಿ ಕೂತಿತ್ತು: ಮೇಷ್ಟ್ರು ವಿಸಿಲ್ ಊದದಿದ್ದರೆ ತಪ್ಪು ಆಗಿಯೇ ಇಲ್ಲ.

ತಲಘಟ್ಟಪುರದವರ ಜೊತೆ ಕೊನೆಯ ಪಾಯಿಂಟ್. ತಮ್ಮ ಉದ್ದಕ್ಕೆ ಎಸೆದ, ನಾನು ಮೂಲೆಯಲ್ಲಿ ಹಿಡಿದೆ. ಶೂ ತುದಿಯ ಕೆಳಗೆ ಸುಣ್ಣದ ಗೆರೆ ಕಂಡಿತು. ಗೆರೆ ಮುಟ್ಟಿದರೆ ಔಟ್. ಯಾರೋ ವಿಸಿಲ್ ಊದುತ್ತಾರೆ ಅನ್ನುವಂತೆ ನಿಂತೇ ಇದ್ದೆ. ಎದುರು ತಂಡದ ಹುಡುಗಿ ಏದುಸಿರು ಬಿಡುತ್ತಾ, ‘ಅಕ್ಕ, ಕಾಲು ಒಳಗಿತ್ತಾ?’ ಎಂದಳು.

‘ಒಳಗೇ ಇತ್ತು.’

ಅವರ ಕಡೆಯ ಹುಡುಗನೊಬ್ಬ ತನಗೆ ಹಾಗೆ ಕಾಣಲಿಲ್ಲ ಎಂದ. ತಮ್ಮ ಓಡಿ ಬಂದು, ‘ನಮ್ಮಕ್ಕ ಒಳಗೆ ಅಂದ್ರೆ ಒಳಗೆ ಮಗಾ’ ಎಂದ. ಅಷ್ಟಕ್ಕೇ ಅವರು ಒಪ್ಪಿಕೊಂಡರು. ನಾವು ಗೆದ್ದೆವು.

ಆಟ ಮುಗಿದ ಮೇಲೆ ಎರಡೂ ತಂಡದವರು ಹೆಗಲ ಮೇಲೆ ಕೈ ಹಾಕಿಕೊಂಡು ದುಂಡಗೆ ನಿಲ್ಲುವುದು ಇಲ್ಲಿನ ರೂಢಿ. ಎದುರಿನವರಲ್ಲಿ ಕಂಡ ಒಳ್ಳೆಯದನ್ನೂ ಮನಸ್ಸಿನಲ್ಲಿರುವ ತಕರಾರನ್ನೂ ಅಲ್ಲೇ ಹೇಳಿಬಿಡಬೇಕು. ಆ ಹುಡುಗಿ ನನ್ನ ಓಟವನ್ನು ಬಾಯ್ತುಂಬ ಹೊಗಳಿದಳು. ತಮ್ಮನ ಕೈ ನನ್ನ ಹೆಗಲ ಮೇಲಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಆಟ ಕಲಿಯಲು ಹೊಸಬರು ಬಂದಿದ್ದರು. ರೆಫರಿ ಇಲ್ಲದಿದ್ದರೆ ಎಲ್ಲರೂ ಸುಳ್ಳು ಹೇಳುವುದಿಲ್ಲವೇ ಎಂದು ಅವರಲ್ಲೊಬ್ಬಳು ಕೇಳಿದಳು. ತಮ್ಮ ನಕ್ಕು, ನನ್ನನ್ನೇ ತೋರಿಸಿ, ಹೋದ ವಾರದ ಕ್ಯಾಚಿನ ಕಥೆ ಶುರು ಮಾಡಿದ. ನಮ್ಮಕ್ಕನ ಒಂದು ಮಾತಿಗೆ ಎದುರಿನವರು ಹೇಗೆ ಒಪ್ಪಿದರು ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು. ಸುಮ್ಮನಿದ್ದರೆ ಇನ್ನು ಬಂದವರಿಗೆಲ್ಲ ಅವನು ಇದನ್ನೇ ಹೇಳಿಕೊಡುತ್ತಾನೆ ಅನ್ನಿಸಿತು.

ತೋಳು ಹಿಡಿದು ಅವನನ್ನು ನಿಲ್ಲಿಸಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

‘ಇಲ್ಲ ಕಣೋ. ನನ್ನ ಕಾಲು ಗೆರೆ ಮೇಲಿತ್ತು. ನೋಡ್ಕೊಂಡೂ ಒಳಗೆ ಅಂದೆ. ತಲಘಟ್ಟಪುರದವರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ. ನೀನು ನನ್ನ ನಂಬ್ಕೊಂಡು ಮಾತು ಕೊಟ್ಟೆ, ನಾನು ಅದನ್ನ ಸುಳ್ಳು ಮಾಡ್ಬಿಟ್ಟೆ. ತಪ್ಪಾಯ್ತು ಕಣೋ.’